ಒಟಿಪಿ ಬರುವಷ್ಟರಲ್ಲಿ ಸೀಟು ಮುಗಿದಿತ್ತು



ಔರಾದ್ ಪಟ್ಟಣಕ್ಕೆ ರೈಲು ಇಲ್ಲ. ಬೆಂಗಳೂರಿನಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳು ಬೀದರ್ ಇಲ್ಲವೇ ಭಾಲ್ಕಿಗೆ ಬಂದು ರೈಲು ಹತ್ತಬೇಕು. ಹಬ್ಬದ ದಿನಗಳಲ್ಲಿ ಖಾಸಗಿ ಬಸ್ಸಿನ ದರ ಬಡವರ ಕೈಗೆಟುಕದು. ರೈಲಿನ ಸ್ಲೀಪರ್ ಬೋಗಿಯೇ ಅವರಿಗೆ ಗತಿ.

2025ರ ಜುಲೈನಿಂದ ತತ್ಕಾಲ್ ಟಿಕೆಟ್‌ಗೆ ಒಟಿಪಿ ಕಡ್ಡಾಯವಾಗಿದೆ. ದಲ್ಲಾಳಿಗಳ ಹಾವಳಿ ತಡೆಯಲು ಇದು ಬೇಕಿತ್ತು, ಒಪ್ಪುತ್ತೇನೆ. ಆದರೆ ಸಿಗ್ನಲ್ಲೇ ಇಲ್ಲದ ಹಳ್ಳಿಯವರು ಏನು ಮಾಡಬೇಕು? ಕಳೆದ ದೀಪಾವಳಿ ಮುಗಿದ ಮೇಲೆ ಮಗಳಿಗೆ ಟಿಕೆಟ್ ತೆಗೆಯಲು ಬೆಳಿಗ್ಗೆ 11ಕ್ಕೆ ಫೋನ್ ಹಿಡಿದು ಮಾಳಿಗೆ ಮೇಲೆ ನಿಂತಿದ್ದೆ. ಒಟಿಪಿ ಬರುವಷ್ಟರಲ್ಲಿ ಸೀಟು ಮುಗಿದಿತ್ತು. ಸಾಲ ಮಾಡಿ ಬಸ್ಸಿಗೆ ಕಳುಹಿಸಿದೆ.

ಫೋನ್ ಸೌಲಭ್ಯದ ವಿಷಯಕ್ಕೆ ಬಂದರೆ, ಐರೋಪ್ಯ ಒಕ್ಕೂಟದಲ್ಲಿ 2017ರ ಜೂನ್‌ನಿಂದ ಸದಸ್ಯ ದೇಶಗಳ ಗಡಿ ದಾಟಿದರೂ ಜನ ತಮ್ಮೂರಿನ ದರದಲ್ಲೇ ಫೋನ್ ಬಳಸುತ್ತಾರೆ. ನಮಗೂ ಈಗ ರೋಮಿಂಗ್ ಶುಲ್ಕವಿಲ್ಲ, ನಿಜ. ಆದರೆ ರಾಜ್ಯದ ಗಡಿಯಲ್ಲಿರುವ ನಮ್ಮ ತಾಲ್ಲೂಕಿನಲ್ಲಿ ಒಮ್ಮೆ ಮಹಾರಾಷ್ಟ್ರದ ಸಿಗ್ನಲ್, ಒಮ್ಮೆ ತೆಲಂಗಾಣದ್ದು, ಮತ್ತೊಮ್ಮೆ ಯಾವುದೂ ಇಲ್ಲ ಎಂದಾದರೆ ಆ ಸೌಲಭ್ಯದಿಂದ ನಮಗೇನು ಉಪಯೋಗ?

ಜಿಲ್ಲಾಧಿಕಾರಿಗಳು ಗ್ರಾಮ ಪಂಚಾಯಿತಿಗಳ ಮೂಲಕ ಸಿಗ್ನಲ್ ಸಿಗದ ಹಳ್ಳಿಗಳ ಪಟ್ಟಿ ಮಾಡಿಸಿ, ಅಲ್ಲಿ ಮೊದಲು ಟವರ್ ಹಾಕಿಸಬೇಕು. ಅಲ್ಲಿಯವರೆಗೆ ಬೀದರ್, ಭಾಲ್ಕಿ ನಿಲ್ದಾಣದ ಕೌಂಟರ್‌ನಲ್ಲಿ ಆಧಾರ್ ಕಾರ್ಡ್ ಮತ್ತು ಬೆರಳಚ್ಚು ನೋಡಿ ತತ್ಕಾಲ್ ಟಿಕೆಟ್ ಕೊಡುವ ವ್ಯವಸ್ಥೆಯನ್ನು ರೈಲ್ವೆಯವರು ಮಾಡಲಿ. ಬೀದರ್–ನಾಂದೇಡ್ ಹೊಸ ಮಾರ್ಗದ ಕೆಲಸಕ್ಕೂ ವೇಗ ಕೊಡಬೇಕೆಂದು ಸಂಸದರಲ್ಲಿ ಕಳಕಳಿಯಿಂದ ವಿನಂತಿಸುತ್ತೇನೆ.

– ನೊಂದ ಪಾಲಕ, ಔರಾದ್ ತಾಲ್ಲೂಕು, ಬೀದರ್ ಜಿಲ್ಲೆ