ತೂಕಕ್ಕೆ ಬೆಲೆಯಿದೆ, ತಾಳಿಕೆಗೂ ಇರಲಿ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಭಾಗದ ಫೌಂಡ್ರಿಗಳಲ್ಲಿ ಎರಕದ ದರವನ್ನು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ಮಾತನಾಡುತ್ತೇವೆ. ಖಾನಾಪುರದ ಹೆಂಚು, ಇಟ್ಟಿಗೆಗಳನ್ನು ಸಾವಿರದ ಲೆಕ್ಕದಲ್ಲಿ ಮಾರುತ್ತೇವೆ. ಭಾರ ಬಿದ್ದಾಗ ಸರಕು ಎಷ್ಟು ತಾಳುತ್ತದೆ ಎಂಬುದನ್ನು ಬಿಲ್ಲಿನೊಡನೆ ಅಂಕಿಗಳಲ್ಲಿ ಬರೆದುಕೊಡುವ ರೂಢಿ ಮಾತ್ರ ಸಣ್ಣ ಘಟಕಗಳಲ್ಲಿ ಇನ್ನೂ ಬೇರೂರಬೇಕಾಗಿದೆ.

ಭಾರ ಬಿದ್ದರೆ ಯಾವ ವಸ್ತುವಾದರೂ ಅಲ್ಪಸ್ವಲ್ಪ ಆಕಾರ ಬದಲಿಸುತ್ತದೆ. ಒಂದು ಮಿತಿಯೊಳಗೆ ಈ ಬದಲಾವಣೆಯು ಭಾರಕ್ಕೆ ಅನುಗುಣವಾಗಿರುತ್ತದೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿಯೇ ಪ್ರಕಟಿಸಿದನು. ಭಾರ ತೆಗೆದರೆ ವಸ್ತು ಮೊದಲಿನ ಆಕಾರಕ್ಕೆ ಮರಳುತ್ತದೆ. ಮಿತಿ ಮೀರಿದಾಗ ಮೆದು ಉಕ್ಕು ಹಿಗ್ಗುತ್ತದೆ, ಬಾಗುತ್ತದೆ. ಮುರಿಯುವ ಮುನ್ನ ಎಚ್ಚರಿಕೆ ಕೊಡುತ್ತದೆ. ಬೂದು ಬೀಡುಕಬ್ಬಿಣಕ್ಕೆ ಈ ಗುಣವಿಲ್ಲ. ಅದರೊಳಗಿನ ಗ್ರಾಫೈಟು ಚೂಪು ಅಂಚಿನ ಹಾಳೆಗಳ ರೂಪದಲ್ಲಿರುವುದರಿಂದ, ಎಳೆತ ಬಿದ್ದಾಗ ಆ ಅಂಚುಗಳಿಂದಲೇ ಬಿರುಕು ಹರಡಿ ತುಂಡು ಒಮ್ಮೆಲೇ ಒಡೆಯುತ್ತದೆ. ಅದುಮುವ ಭಾರವನ್ನು ಮಾತ್ರ ಅದು ಚೆನ್ನಾಗಿ ಹೊರುತ್ತದೆ. ಕರಗಿದ ಲೋಹಕ್ಕೆ ಮೆಗ್ನೀಸಿಯಂ ಸೇರಿಸಿದಾಗ ಗ್ರಾಫೈಟು ಗುಂಡಗಾಗಿ ಎಸ್.ಜಿ. ಐರನ್ ಸಿದ್ಧವಾಗುತ್ತದೆ.

ಇದರ ದರ್ಜೆಗಳ ಹೆಸರಿನಲ್ಲಿಯೇ ಅರ್ಥವಿದೆ. ಎಫ್.ಜಿ. 200 ಎಂದರೆ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 200 ನ್ಯೂಟನ್ ಎಳೆತವನ್ನು ತಾಳಬಲ್ಲ ಬೂದು ಬೀಡು. ಎಸ್.ಜಿ. 500/7 ಎಂದರೆ 500 ನ್ಯೂಟನ್ ತಾಳಿ, ಮುರಿಯುವ ಮುನ್ನ ಶೇಕಡಾ 7ರಷ್ಟಾದರೂ ಹಿಗ್ಗುವ ಬೀಡು. ಸೇರಿಸಿದ ಮೆಗ್ನೀಸಿಯಂನ ಪ್ರಭಾವ ಕೆಲವೇ ನಿಮಿಷಗಳಲ್ಲಿ ಇಳಿಯತೊಡಗುತ್ತದೆ. ಆದ್ದರಿಂದ ಒಂದೇ ಲ್ಯಾಡಲ್‌ನ ಮೊದಲ ಅಚ್ಚಿಗೂ ಕೊನೆಯ ಅಚ್ಚಿಗೂ ವ್ಯತ್ಯಾಸ ಬರಬಹುದು. ಹೊರನೋಟಕ್ಕೆ ಎರಡೂ ಒಂದೇ, ತೂಕವೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಪರೀಕ್ಷೆಯಲ್ಲಿ, ಇಲ್ಲವೇ ಗ್ರಾಹಕನ ಯಂತ್ರದಲ್ಲಿ. ಎರಡನೆಯ ಕಡೆ ಗೊತ್ತಾದರೆ ಇಡೀ ಲಾಟ್ ಮರಳಿ ಬರುತ್ತದೆ, ಸಾಗಾಣಿಕೆಯ ವೆಚ್ಚ ನಮ್ಮ ತಲೆಗೆ ಕಟ್ಟುತ್ತದೆ, ಮುಂದಿನ ಆರ್ಡರು ಬೇರೆಯವರ ಪಾಲಾಗುತ್ತದೆ.

ಖಾನಾಪುರದ ಮಣ್ಣಿನ ಕತೆಯೂ ಇದೇ. ಹಸಿ ಮಣ್ಣು ಬೆರಳೊತ್ತಿದಂತೆ ಬಾಗುತ್ತದೆ, ಕೊಟ್ಟ ಆಕಾರದಲ್ಲಿಯೇ ನಿಲ್ಲುತ್ತದೆ. ಭಟ್ಟಿಯಲ್ಲಿ ಸುಟ್ಟ ಮೇಲೆ ಬಾಗುವ ಗುಣ ಹೋಗಿ ಗಡಸುತನ ಬರುತ್ತದೆ. ಎರಡು ರೀಪುಗಳ ಮೇಲೆ ಕುಳಿತ ಹೆಂಚಿನ ನಡುವೆ ಭಾರ ಬಿದ್ದರೆ ಮೇಲ್ಮೈ ಅದುಮಿಕೊಳ್ಳುತ್ತದೆ, ಕೆಳಮೈ ಎಳೆಯಲ್ಪಡುತ್ತದೆ. ಬಿರುಕು ಹುಟ್ಟುವುದು ಕೆಳಮೈಯಲ್ಲಿ. ಮಳೆಗಾಲದ ಮೊದಲು ಹೆಂಚು ಸರಿಪಡಿಸಲು ಮಾಡು ಹತ್ತಿದವನ ಜೀವವೇ ಆ ಬಿರುಕಿನ ಮೇಲೆ ನಿಂತಿರುತ್ತದೆ. ಇಟ್ಟಿಗೆ, ಹೆಂಚುಗಳಿಗೆ ಭಾರತೀಯ ಮಾನಕಗಳಿವೆ. ಖಾದಿ ಆಯೋಗದ ಕುಂಬಾರಿಕಾ ಸಂಸ್ಥೆ ಇರುವ ಊರು ಖಾನಾಪುರ. ಅಂಥ ಊರಿನ ಸರಕು ಮಾನಕದ ಅಂಕಿಯೊಡನೆ ಪೇಟೆಗೆ ಬರುವುದು ಶೋಭೆ.

ಪ್ರತಿಯೊಂದು ಸಣ್ಣ ಘಟಕವೂ ಎಳೆತ ಪರೀಕ್ಷಾ ಯಂತ್ರವನ್ನು ಕೊಳ್ಳಲಾರದೆಂಬ ಮಾತು ಒಪ್ಪತಕ್ಕದ್ದೇ. ಆದರೆ ಕೊಳ್ಳುವ ಅಗತ್ಯವೂ ಇಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈ ನಗರದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಅವುಗಳಲ್ಲಿ ಪ್ರಯೋಗಾಲಯಗಳಿವೆ. ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಅವುಗಳೊಡನೆ ಮಾತನಾಡಿ, ಸದಸ್ಯರಿಗೆ ನಿಗದಿತ ದಿನ, ನಿಗದಿತ ಶುಲ್ಕದ ವ್ಯವಸ್ಥೆ ಮಾಡಿಸಲಿ. ಫೌಂಡ್ರಿಯವರು ಪ್ರತಿ ಹೀಟಿನಲ್ಲಿ ಒಂದು ಪರೀಕ್ಷಾ ಕಡ್ಡಿಯನ್ನು ಅದೇ ಲ್ಯಾಡಲಿನಿಂದ ಎರೆಯಲಿ. ಹೆಂಚಿನವರು ಪ್ರತಿ ಭಟ್ಟಿಯಿಂದ ಕೆಲವನ್ನು ತೆಗೆದಿಡಲಿ. ವ್ಯಾಪಾರಿಗಳೂ ವರದಿ ಕೇಳಿ ಪಡೆಯಲಿ. ವರದಿಯಿರುವ ಸರಕಿಗೆ ಎರಡು ಕಾಸು ಹೆಚ್ಚು ಕೊಡಲು ಹಿಂಜರಿಯದಿರಲಿ.

ಪರೀಕ್ಷೆಯಲ್ಲಿ ಸರಕು ಸೋತರೆ ಗತಿಯೇನೆಂಬ ಅಳುಕು ಸಹಜ. ನಮ್ಮ ಅಂಗಳದಲ್ಲಿ ಮುರಿದ ಕಡ್ಡಿಯನ್ನು ಮತ್ತೆ ಕರಗಿಸಿ ಎರೆಯಬಹುದು. ಗ್ರಾಹಕನ ಕೈಯಲ್ಲಿ ಮುರಿದ ವಿಶ್ವಾಸವನ್ನು ಕರಗಿಸಿ ಎರೆಯುವ ಕುಲುಮೆ ಯಾವ ಊರಿನಲ್ಲಿಯೂ ಇಲ್ಲ.