ಇಂಟರ್‌ವಲ್ಲಿನಲ್ಲಿ ಜಾರಿದೆ!

ಹದಿನೆಂಟು ದಿನ ಸಿಗರೇಟು ಮುಟ್ಟಿರಲಿಲ್ಲ, ಗುರೂ! ಹತ್ತೊಂಬತ್ತನೇ ದಿನ ಇಂಟರ್‌ವಲ್ಲಿನಲ್ಲಿ ಗೆಳೆಯ ಪ್ಯಾಕೆಟ್ ಚಾಚಿದ. 'ಒಂದೇ ಒಂದು' ಅಂದೆ. ಮನೆ ಸೇರೋಷ್ಟರಲ್ಲಿ ನಾಲ್ಕಾಗಿತ್ತು. 2012ರಿಂದ ಚಿತ್ರಕ್ಕೆ ಮುಂಚೆ ತೋರಿಸುವ ತಂಬಾಕಿನ ಎಚ್ಚರಿಕೆಯನ್ನು ಅದೇ ಸಂಜೆ ಗಂಭೀರವಾಗಿ ನೋಡಿದ್ದ ಮಹಾಶಯ ನಾನೇ!

ಪಿ.ಯು.ಸಿ. ಬಿಟ್ಟವನಿಗೆ ಸಿಗರೇಟು ಬಿಡೋಕ್ಕಾಗಲಿಲ್ಲ ಅಂತ ಮನಸ್ಸು ಚುಚ್ಚಿತು. ಮಾರನೇ ದಿನ ಹಳೇ ಪ್ರೊಜೆಕ್ಟರ್ ಆಪರೇಟರ್ ಒಬ್ಬರ ಮುಂದೆ ಗೋಳಾಡಿದೆ. 'ರೀಲು ಕಟ್ಟಾದ್ರೆ ಅಂಟಿಸಿ ಅಲ್ಲಿಂದಲೇ ಓಡಿಸ್ತಿದ್ವಿ ಕಣಯ್ಯಾ. ಆ ಹದಿನೆಂಟು ದಿನ ಎಲ್ಲಿಗೋಯ್ತು?' ಅಂದರು. ಪ್ಯಾಕೆಟ್ ಮೇಲೇ ಅಚ್ಚಾಗಿರುವ 1800-11-2356ಕ್ಕೂ ಅವರೇ ಫೋನ್ ಮಾಡಿಸಿದರು. ಕಾಸು ಬೀಳಲ್ಲ.

ಇವತ್ತು ಆರನೇ ದಿನ. ಆಸೆ ಬಂದರೆ ವಾಚು ನೋಡ್ತೀನಿ, ಕೆಲವೇ ನಿಮಿಷದಲ್ಲಿ ಇಳಿಯುತ್ತೆ. ಇಂಟರ್‌ವಲ್ಲಿನಲ್ಲಿ ಮಾತ್ರ ಸೀಟು ಬಿಟ್ಟೇಳಲ್ಲ.