ಹಾಜರಿ ಪಟ್ಟಿಯ ಪ್ರಾಮಾಣಿಕತೆ

ಉತ್ತರ ಇಂಗ್ಲೆಂಡಿನ ವಿಂಡೊಲ್ಯಾಂಡದಲ್ಲಿರುವ ರೋಮನ್ ಸೇನಾ ಶಿಬಿರದ ಅವಶೇಷಗಳ ನಡುವೆ ಓಡಾಡುವಾಗ, ಆಡಳಿತದಲ್ಲಿ ಆಯುಷ್ಯ ಸವೆಸಿದ ನನಗೆ ಗೋಡೆಗಳಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅಲ್ಲಿನ ಕಡತಗಳು. 1973ರಿಂದೀಚೆಗೆ ಇಲ್ಲಿ ಶಾಯಿಯಲ್ಲಿ ಬರೆದ ನೂರಾರು ತೆಳು ಮರದ ಹಲಗೆಗಳು ದೊರೆತಿವೆ. ಗಾಳಿಯಾಡದ ಒದ್ದೆ ಮಣ್ಣಿನಲ್ಲಿದ್ದುದರಿಂದ ಅವು ಕೊಳೆತಿಲ್ಲ.

ಕ್ರಿ.ಶ. ಮೊದಲ ಶತಮಾನದ ಕೊನೆಯ ಭಾಗದ ಒಂದು ವರದಿಯ ಪ್ರಕಾರ ದಳದ ಒಟ್ಟು ಬಲ 752. ಹೊರಗೆ ನಿಯೋಜಿತರಾದವರೇ 456. ಉಳಿದ 296 ಮಂದಿಯಲ್ಲಿ ರೋಗಿಗಳು, ಗಾಯಾಳುಗಳು, ಕಣ್ಣುಬೇನೆಯವರು ಸೇರಿ 31. ಕರ್ತವ್ಯಕ್ಕೆ ಸಮರ್ಥರು 265 ಮಾತ್ರ. ಗಡಿಯ ಅಧಿಕಾರಿ ಕೊರತೆಯನ್ನು ಮುಚ್ಚಿಡಲಿಲ್ಲ.

ಕಾಗದದ ಮೇಲಿನ ಬಲವನ್ನೇ ನಿಜವೆಂದು ನಂಬುವ ಸರ್ಕಾರ ಶಾಲೆಗಾಗಲಿ ಆಸ್ಪತ್ರೆಗಾಗಲಿ ನ್ಯಾಯವಾಗಿ ಹಣ ಹಂಚಲಾರದು. ಮಂಜೂರಾದ ಹುದ್ದೆಗಳೆಷ್ಟು, ನಿಯೋಜನೆಯ ಮೇಲೆ ಹೋದವರೆಷ್ಟು, ಕೆಲಸಕ್ಕೆ ಒದಗುವವರೆಷ್ಟು ಎಂಬುದನ್ನು ನಮ್ಮ ಇಲಾಖೆಗಳೂ ಹೀಗೆಯೇ ಪ್ರತ್ಯೇಕವಾಗಿ ಪ್ರಕಟಿಸಬೇಕು.